ಮೊದಲ ಸಾಲಿನಲ್ಲಿ ಪೆನ್ ಡ್ರೈವ್

ಅಂಗೈಯಗಲದ ಪರದೆಯ ಮೇಲೆ ಮೊದಲ ಸಾಲು ಮಿಣುಕುತ್ತಿದೆ, ಎರಡನೆಯದಕ್ಕೆ ಇಳಿಯುತ್ತಿಲ್ಲ, ಕರೆಂಟು ಹೋಗಿ ಬಂದು ಎಷ್ಟೊತ್ತಾಯಿತು, ಮಗ್ಗಕ್ಕೆ ಡಿಸೈನು ಉಣಿಸುವ ಕಂಪ್ಯೂಟರ್ ಡಬ್ಬಿ ಇನ್ನೂ ಏಳುತ್ತಿಲ್ಲ, ಹಾಳಾದ್ದು ಎಂದು ಬೈಯಲು ಬಾಯಿ ತೆರೆದ ಬಾಳಗೊಂಡ ಹಾಗೇ ನಿಂತ, ಏಕೆಂದರೆ ಇವತ್ತು ಬೈಯುವ ಮುಂಚೆ ಓದಿದ. ಪೆನ್ ಡ್ರೈವ್, ಮೆಮರಿ ಕಾರ್ಡ್, ನೆಟ್‌ವರ್ಕ್. ಮಹಾಗಾಂವದ ಶಾಲೆಯನ್ನು ಏಳನೆಯ ಇಯತ್ತೆಗೆ ಬಿಟ್ಟವನು, ಇಂಗ್ಲಿಷ್ ಅಕ್ಷರಗಳನ್ನು ಸೀರೆಯ ಬುಟ್ಟಾ ಗುರುತಿಸುವಂತೆ ಆಕಾರದಿಂದಲೇ ಗುರುತಿಸುತ್ತಾನೆ, ಆದರೆ ಈ ಸಾಲು ಅವನಿಗೆ ಬಾಯಿಪಾಠ, ಜೋಡಿಸಿದವನೇ ಅವನು — ಡಬ್ಬಿಯೊಳಗೆ ಎಲ್ಲಕ್ಕಿಂತ ಮೊದಲು ಏಳುವ ಸಣ್ಣ ಪ್ರೋಗ್ರಾಂ ಒಂದಿದೆ, ಬೂಟ್‌ಲೋಡರ್, ಮಗ್ಗದ ಪ್ರೋಗ್ರಾಮನ್ನು ಎಲ್ಲಿಂದ ಎಬ್ಬಿಸಬೇಕೆಂದು ಅದು ಸಾಲಿನ ಪ್ರಕಾರ ಹುಡುಕುತ್ತದೆ, ಮೊದಲು ಕಾರ್ಡ್, ಯಾವತ್ತೂ ಕಾರ್ಡ್, ಡಿಸೈನಿಗೆ ಬೀಗ ಹಾಕುವುದು ಕಾರ್ಡಿನ ಪ್ರೋಗ್ರಾಂ ತಾನೆ, ಪೆನ್ ಡ್ರೈವಿನಿಂದ ಬೇರೆಯದನ್ನು ಎಬ್ಬಿಸಿದರೆ ಬೀಗವೇ ಇಲ್ಲ, ಡಿಸೈನು ನಕಲು ಮಾಡಿ ಒಯ್ಯಬಹುದು, ತಿಜೋರಿಯ ಹಿಂದಿನಿಂದ ಕನ್ನ ಕೊರೆದಂತೆ, ಅದಕ್ಕೇ ಪೆನ್ ಡ್ರೈವನ್ನು ಸಾಲಿನಿಂದಲೇ ಕಿತ್ತುಹಾಕಿದ್ದ. ಈಗ ಅದೇ ಸಾಲಿನ ತಲೆಯ ಮೇಲೆ ಕೂತಿದೆ. ಇಲ್ಲದ ಪೆನ್ ಡ್ರೈವನ್ನು ಹುಡುಕಿ ಹುಡುಕಿ ಬೇಸತ್ತು ಕಾರ್ಡಿಗೆ ಇಳಿಯುತ್ತದೆ, ಅದೇ ಈ ತಡ, ದಸರೆಯಿಂದ ಈಚೆ ಡಬ್ಬಿ ಹಚ್ಚಿದಾಗಲೆಲ್ಲ ಈ ತಡ, ಡಬ್ಬಿ ಮುದುಕ ಆಗೇತಿ ಭರತ್ಯಾ, ಎಂದು ಫೋನಿನಲ್ಲಿ ಹೇಳಿದ್ದ ಹೆಂಡತಿಯ ತಮ್ಮ ಭರತೇಶನಿಗೆ, ಹೌದ್ರಿ ದಾಜಿ, ಅದಕ್ಕೂ ವಯಸ್ಸಾತಲ್ರಿ, ನಿಮ್ಮಂಗ, ಎಂದು ಅವನು ನಕ್ಕ. ನಕ್ಕನಲ್ಲಾ. ನಿನ್ನೆ ಕೊಲ್ಹಾಪುರದ ವ್ಯಾಪಾರಿ ಆಬಾಸಾಹೇಬ ಒಂದು ಸೀರೆ ಬಿಚ್ಚಿ ಮುಖದ ಮುಂದೆ ಹಿಡಿದ, ಕಾಯ್ ಬಾಳಗೊಂಡಾ, ನಿನ್ನ ಗೇರು ಅಂಚು ಗಡಹಿಂಗ್ಲಜದಾಗ ತಯಾರ ಆಗಾಕತ್ತೇತಲ್ಲೋ, ನಿಮಗೊಬ್ಬರಿಗೇ ಕೊಡ್ತೇನಿ ಅಂದಿದ್ದಿ, ಪ್ರಸಾದ ಹಂಚಿದಂಗ ಹಂಚಿದೇನು — ಅದೇ ಗೇರುಹಣ್ಣು, ಕೆಳಗೆ ತೂಗುವ ಬೀಜ ಸಹ ಅದೇ ಎಡಕ್ಕೆ ಬಾಗಿದ್ದು, ಆಜರೆಯ ತೋಟದಲ್ಲಿ ಎರಡು ಬೇಸಿಗೆ ಕೂತು ನೋಡಿ ಚೌಕುಳಿ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿದ್ದು, ಕಣ್ಣು ಉರಿದು ನೀರು ಸುರಿಯುವ ತನಕ ತುಂಬಿದ್ದು, ನನ್ನ ಸುಳ್ಳ ಅಂತೀರೇನ್ರಿ, ನಾಲಗಿ ಬಿಗಿ ಹಿಡೀರಿ, ಎಂದು ಆಬಾಸಾಹೇಬನ ಮೇಲೆಯೇ ಹರಿಹಾಯ್ದು ಸೀರೆ ಎಸೆದು ಬಂದ, ಎಸೆಯಬೇಕಾದ್ದು ಯಾರ ಮುಖಕ್ಕೆ. ಗಡಹಿಂಗ್ಲಜ ಎಂದರೂ ತಲೆ ಅಲ್ಲೇ ಇರುವ ಭರತೇಶನ ಕಡೆ ಹೋಗಲಿಲ್ಲ, ಸಾಲು ಬದಲಿಸುವ ಗುಪ್ತ ಸಂಖ್ಯೆ ಗೊತ್ತಿರುವುದು ಇಬ್ಬರಿಗೇ, ಕಿಡ್ನಿಯ ಕಲ್ಲು ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಮಗ್ಗ ನಿಲ್ಲಬಾರದೆಂದು, ತಾನೇ ಭರತೇಶನ ಕಿವಿಯಲ್ಲಿ ಹೇಳಿದ್ದು. ಮತ್ತೆ ಖಂಡೇನವಮಿ, ದಸರೆಯ ಆಯುಧಪೂಜೆ — ಹೌದು, ಅವತ್ತೇ, ಇಚಲಕರಂಜಿಯ ಈ ಓಣಿಯಲ್ಲಿ ಅವತ್ತು ಒಂದು ಮಗ್ಗವೂ ಸದ್ದು ಮಾಡುವುದಿಲ್ಲ, ಸ್ವಿಚ್ಚು ಮುಟ್ಟುವಂತಿಲ್ಲ, ಡಬ್ಬಿಗೆ ಕುಂಕುಮ, ಚೆಂಡುಹೂ, ಮುಂದೆ ಹಚ್ಚಿದ ದೀಪ ಮರುದಿನದ ತನಕ ಆರಬಾರದು, ಒಬ್ಬರು ಕಾಯುತ್ತ ಕೂರಲೇಬೇಕು, ಅಕ್ಕನ್ನ ಕರಕೊಂಡು ಬಸದಿಗೆ ಹೋಗಿ ಬರ್ರಿ ದಾಜಿ, ದೀಪಾ ನಾ ನೋಡ್ಕೋತೇನಿ, ಎಂದ ಭರತೇಶ. ಯಾರೂ ಮುಟ್ಟದ ದಿನವನ್ನೇ ಆರಿಸಿದ ಕಳ್ಳ! ತಿರುಗಿ ಬಂದಾಗ ಕಿಟಕಿಯಿಂದ ಕಂಡ, ಡಬ್ಬಿಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈ ದೀಪಕ್ಕೆ ಮರೆ ಹಿಡಿದಿದ್ದ, ಬೆರಳ ಸಂದಿಯಲ್ಲಿ ಕೆಂಪು ಬೆಳಕು, ನೋಡು, ನಿನ್ನ ತಮ್ಮ ಬಂಗಾರ ಅದಾನ, ಎಂದಿದ್ದ ಬಾಳಗೊಂಡ ಹೆಂಡತಿ ಚಂಪಾಬಾಯಿಗೆ. ಬಂಗಾರವಂತೆ. ನಮ್ಮ ಹೆಜ್ಜೆ ಕೇಳಿ ಕೂತಿರಬೇಕು ಹಾಗೆ, ಗಡಿಬಿಡಿಯಲ್ಲಿ ಸಾಲು ಸರಿಮಾಡುವುದನ್ನು ಮರೆತನೋ, ಈ ಮುದಿಗೂಬೆ ಎಲ್ಲಿ ಓದುತ್ತದೆ ಎಂದು ಬಿಟ್ಟನೋ, ಮರೆತಿರಲಿ ದೇವರೇ, ಮರೆತಿದ್ದರೆ ಇಷ್ಟು ಉರಿಯುವುದಿಲ್ಲ — ಅಂಗೈ, ದೀಪ, ಬೆರಳ ಸಂದಿ.

ಏನ್ರೀ, ಭರತ್ಯಾ ಬಂದಾನ, ಬರ್ರಿ ಒಳಗ, ಚಂಪಾಬಾಯಿ ಕೂಗುತ್ತಿದ್ದಾಳೆ, ಇವತ್ತು ದೀಪಾವಳಿಯ ಭಾವುಬೀಜ, ತಮ್ಮನಿಗೆ ಆರತಿ ಎತ್ತದೆ ಅವಳು ಬೆಳಗಿನಿಂದ ನೀರೂ ಕುಡಿದಿಲ್ಲ, ತಂದೆ ತಾಯಿ ಹೋದ ಮೇಲೆ ತವರು ಅಂತ ಅವಳಿಗೆ ಉಳಿದದ್ದು ಈ ಒಂದು ತಲೆ, ಆ ತಲೆಯನ್ನು ಇವತ್ತೇ ಒಡೆಯಲೋ, ಆರತಿ ಮುಗಿದ ಮೇಲೋ, ಮುಗಿದ ಮೇಲೆ ಈ ಸಿಟ್ಟು ಇರುತ್ತದೋ ಇಲ್ಲವೋ, ಇರುತ್ತದೆ, ಎಲ್ಲಿ ಹೋದೀತು. ಮಣೆಯ ಮೇಲೆ ಕೂತಿದ್ದಾನೆ ಭರತೇಶ ಹೊಸ ಅಂಗಿ ಹಾಕಿಕೊಂಡು, ಅಕ್ಕಾ, ದಾಜಿ ಪಾಲಿನ ಕರಂಜಿನೂ ನನಗ ಹಾಕು, ಅವರಿಗೆ ಸಕ್ಕರಿ ಬ್ಯಾಡ, ಮಾರಿ ನೋಡು ಹೆಂಗ ಆಗೇತಿ, ಯಾಕ್ರಿ ದಾಜಿ, ಡಬ್ಬಿ ಮತ್ತ ಮಲಗೇತೇನು. ಎದ್ದೇತಿ, ಎಂದ ಬಾಳಗೊಂಡ, ತನ್ನ ದನಿ ತನಗೇ ಬೇರೆ ಯಾರದೋ ಅನಿಸಿತು, ಖಂಡೇನವಮಿ ದಿನ ಯಾರು ಎಬ್ಬಿಸಿದ್ರು ಅನ್ನೂದೂ ಗೊತ್ತಾತು. ಭರತೇಶನ ನಗು ಮುಖದ ಮೇಲೆಯೇ ನಿಂತಿತು, ಯಾರು, ಎಂದು ಕೇಳಲಿಲ್ಲ, ಕೇಳೋ, ಒಮ್ಮೆ ಕೇಳೋ, ಚಂಪಾಬಾಯಿ ಏನೂ ತಿಳಿಯದೆ ಆರತಿ ತಟ್ಟೆ ಎತ್ತಿದಳು, ಮಗ್ಗದ ಕೋಣೆಯ ಬಾಗಿಲಿನಿಂದ ಗಾಳಿ ನುಗ್ಗಿತು, ಕುಡಿ ಬಾಗಿತು, ಅಯ್ಯೋ ಎಂದಳು, ಭರತೇಶ ಅಕ್ಕನನ್ನೂ ನೋಡಲಿಲ್ಲ ದಾಜಿಯನ್ನೂ ನೋಡಲಿಲ್ಲ, ತಲೆ ತಗ್ಗಿಸಿ ಎರಡೂ ಕೈ ಎತ್ತಿದ, ದೀಪಕ್ಕೆ ಮರೆ ಹಿಡಿದ, ಬೆರಳ ಸಂದಿಯಲ್ಲಿ ಕೆಂಪು, ಬೆರಳ ಸಂದಿಯಲ್ಲಿ ಕೆಂಪು