ಚಾಪೆಯಡಿ ಕೂರಬೇಕಾದವನು

“ನೆಟ್ಟಗೆ ಹಿಡೀರಲಾ, ಸೋಂಬೇರಿ ನನ್ಮಕ್ಳಾ. ಕೈಯಾಗೆ ಮೂಳೆ ಇಲ್ವಾ? ಲೇ ಡುಮ್ಮಾ, ನಿನ್ನ ದನಗಳನ್ನ ಸರಿಯಾಗಿ ಹೊಡ್ಕಂಡು ಬಾ.”

ಟ್ರ್ಯಾಕ್ಟರಿನ ಸೀಟಿನಿಂದ, ಹೊಲ ನಡೆಸುವ ಡಾರಿಲ್ ಕೂಗಿದ್ದು ಪೆನಿಟಾಲನಿಗೆ. ಸಮೋವಾದಲ್ಲಿ, ನಮ್ಮ ಹಳ್ಳಿಯಲ್ಲಿ, ಪೆನಿಟಾಲ ಯಜಮಾನ. ಅವನು ಕೂತಿದ್ದರೆ ಮುಂದೆ ನಿಂತುಕೊಂಡು ಮಾತಾಡುವುದೇ ತಪ್ಪು, ನಾವೂ ಕೂತು ಮಾತಾಡಬೇಕು. ಇಲ್ಲಿ, ಕ್ವೀನ್ಸ್‌ಲ್ಯಾಂಡಿನ ಈ ಕಲ್ಲಂಗಡಿ ಹೊಲದಲ್ಲಿ, ಅವನು ನಲವತ್ತು ಆಳುಗಳ ಮೇಸ್ತ್ರಿ. ಹೆಸರು ಡುಮ್ಮ.

ಕೆಲಸ ಹೇಗೆಂದರೆ, ಹೆಂಗಸರು ನಾವು ಮುಂದೆ ಮುಂದೆ ಬಗ್ಗಿಕೊಂಡು ಹಣ್ಣಿನ ತೊಟ್ಟು ಕೊಯ್ಯುತ್ತ ಹೋಗುತ್ತೇವೆ. ಹಿಂದೆ ಗಂಡಸರು ಅಡ್ಡ ಸಾಲಾಗಿ ನಿಂತು, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹಣ್ಣು ಎಸೆಯುತ್ತ ಟ್ರೈಲರಿಗೆ ತುಂಬುತ್ತಾರೆ. ಟ್ರ್ಯಾಕ್ಟರ್ ನಿಲ್ಲುವುದಿಲ್ಲ, ಆಮೆಯ ಹಾಗೆ ಹೋಗುತ್ತಲೇ ಇರುತ್ತದೆ. ಒಬ್ಬ ಕೈಬಿಟ್ಟರೆ ಇಡೀ ಸಾಲು ಮುರಿಯುತ್ತದೆ, ಅದಕ್ಕೇ ಯಾರೂ ಕೈಬಿಡುವುದಿಲ್ಲ.

ನನ್ನ ತಮ್ಮ ಟಾನು ಆ ಸಾಲಿನಲ್ಲಿ ಮೂರನೆಯವನು. ಇಪ್ಪತ್ನಾಲ್ಕು ವರ್ಷ, ಬಾಯಿ ಮುಚ್ಚಿ ಗೊತ್ತಿಲ್ಲದವನು. ಅವತ್ತು ನಲವತ್ಮೂರು ಡಿಗ್ರಿ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಅವನ ಮೈಯಲ್ಲಿ ಬೆವರೇ ಇರಲಿಲ್ಲ, ಬೂದಿ ಬಳಿದಂತೆ ಒಣಗಿತ್ತು.

“ಸಿನೀವಾ, ಯಾಕೋ ಚಳಿ ಆಯ್ತಾದೆ ಕಣೆ,” ಅಂದ.

“ಕಂಬಳಿ ತರ್ಲಾ ದೊರೆ?” ಅಂದೆ ನಾನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪೆನಿಟಾಲ ಮಾತ್ರ ನಗಲಿಲ್ಲ. ಕೈ ಮೇಲೆತ್ತಿದ. ಕೈ ಎತ್ತಿದರೆ ಟ್ರ್ಯಾಕ್ಟರ್ ನಿಲ್ಲಿಸು ಅಂತ ಅರ್ಥ.

“ಹುಡ್ಗನ್ಗೆ ಆಯ್ತಾ ಇಲ್ಲ ಡಾರಿಲ್. ನೆಳ್ಳಿಗೆ ಕಳಿಸ್ತೀನಿ.”

“ಈ ಸಾಲು ಮುಗೀಲಿ. ಲಾರಿ ಕಾಯ್ತಾ ನಿಂತದೆ.”

“ಮೈ ಮುಟ್ಟಿ ನೋಡಪ್ಪ, ಕಾದ ಹೆಂಚಾಗದೆ.”

“ಇಳಿಸ್ಲಾ ಕೈನ. ಈಗ ನಿಂತ್ರೆ ಮುಂದಿನ್ ವರ್ಷ ನಿಮ್ಮೂರಿಂದ ಒಂದು ನಾಯೀನೂ ಇಲ್ಲಿಗೆ ಬರಕಿಲ್ಲ, ತಿಳ್ಕೊ.”

ಪೆನಿಟಾಲ ಕೈ ಇಳಿಸಿದ. ಅವನ ಬೆನ್ನಿಗೆ ಹಳ್ಳಿಯ ಮೂವತ್ತು ಮನೆಗಳಿದ್ದವು, ಎಲ್ಲ ಮನೆಯ ಅನ್ನವೂ ಆ ಒಂದು ಕೈಯಲ್ಲಿತ್ತು.

ಕಲ್ಲಂಗಡಿಯ ಸಾಲು ನಾನೂರು ಹೆಜ್ಜೆ ಉದ್ದ. ಟಾನು ಮುನ್ನೂರು ನಡೆದಿರಬಹುದು. ಎಸೆದ ಹಣ್ಣನ್ನು ಹಿಡಿದವನು ಮುಂದಕ್ಕೆ ಕೊಡಲಿಲ್ಲ. ಅದನ್ನು ಮಗುವಿನಂತೆ ತಬ್ಬಿಕೊಂಡೇ ನೆಲಕ್ಕೆ ಕುಸಿದ. ಆಸ್ಪತ್ರೆ ಎರಡು ಗಂಟೆ ದೂರ. ದಾರಿಯಲ್ಲೇ ಹೋದ.

ಮೂರನೆಯ ದಿನ ಬೆಳಕು ಹರಿಯುವಾಗ ನನ್ನ ತಗಡಿನ ಕೋಣೆಯ ಬಾಗಿಲು ತೆಗೆದೆ. ಎದುರಿಗೆ ನೆಲದ ಮೇಲೆ ಒಬ್ಬ ಕೂತಿದ್ದ. ತಲೆಯಿಂದ ಮಂಡಿಯವರೆಗೆ ನುಣುಪು ಚಾಪೆ ಹೊದ್ದಿದ್ದ. ಯಾರದೋ ಮದುವೆಗೆ ಉಡುಗೊರೆಯಾಗಿ ಬೇಕಾದೀತೆಂದು ಪೆನಿಟಾಲನ ಹೆಂಡತಿ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದ ಚಾಪೆ. ಪಕ್ಕದಲ್ಲಿ ಒಂದು ಕಂತೆ ಸೌದೆ, ಐದಾರು ಕಲ್ಲು. ನನ್ನನ್ನೇ ಬೇಯಿಸಬೇಕೆನಿಸಿದರೆ ಬೇಯಿಸು ಅಂತ.

ಒಂದು ಮನೆಯವರ ಕೈಯಿಂದ ಇನ್ನೊಂದು ಮನೆಯಲ್ಲಿ ಸಾವಾದರೆ ನಮ್ಮಲ್ಲಿ ಹೀಗೇ. ಹಿರಿಯನಾದವನು ಬಂದು ಕೂರುತ್ತಾನೆ. ಮಾಡಿದವನು ಬೇರೆಯವನಿರಲಿ, ಮೊದಲು ಬರುವವನು ಹಿರಿಯನೇ. ಸತ್ತವರ ಕಡೆಯವರು ಹೊಡೆಯಬಹುದು, ಉಗಿಯಬಹುದು. ಮನಸ್ಸಾದರೆ ಚಾಪೆ ಎತ್ತಿ ಒಳಗೆ ಕರೆಯಬಹುದು. ಅಲ್ಲಿಯವರೆಗೆ ಅವನು ತುಟಿ ಬಿಚ್ಚುವಂತಿಲ್ಲ.

ನಾನು ಕರೆಯಲಿಲ್ಲ. ಬಿಸಿಲು ಏರಲಿ ಅಂತ ಬಿಟ್ಟೆ. ಚಪ್ಪಲಿ ತೆಗೆದು ಎಸೆದೆ. “ಯಾಕ್ಲಾ ಇಳಿಸ್ದೆ ಕೈಯ? ಷಂಡ ನನ್ಮಗ್ನೇ, ಯಾಕಿಳಿಸ್ದೆ?” ಚಾಪೆ ಅಲ್ಲಾಡಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ನನ್ನ ಕೈಯೇ ಹೋಗಿ ಅದನ್ನು ಎತ್ತಿತು. ಒಳಗೆ ಮುದುಕನೊಬ್ಬ ಮುಖವೆಲ್ಲ ನೀರಾಗಿ ಕೂತಿದ್ದ.

“ಏಳು ಮಾಮ. ಒಳಿಕ್ ಬಾ. ಟೀ ಕುಡಿ.”

ಹೊಲದ ಕಂಪನಿಯ ಮಿಶೆಲ್ ಅದೆಷ್ಟು ಹೊತ್ತಿನಿಂದ ಅಲ್ಲಿದ್ದಳೋ, ಮೂಲೆಯಲ್ಲಿ ಫೋನ್ ಹಿಡಿದು ನಿಂತಿದ್ದಳು. ಆಳುಗಳ ಯೋಗಕ್ಷೇಮ ನೋಡುವ ಕೆಲಸ ಅವಳದು.

“ಸೌದೆ ಯಾಕೆ? ಏನಾದ್ರೂ ಸುಡ್ತೀರಾ?” ಅಂದಳು.

ನಮ್ಮ ಹುಡುಗಿಯರು ಮನೆಗೆ ನೆಂಟರು ಬಂದಷ್ಟು ಹುರುಪಿನಲ್ಲಿ ಎಲ್ಲ ಬಿಡಿಸಿ ಹೇಳಿದರು. ನಮ್ಮೂರಲ್ಲಿ ಹಿಂಗೇ ಕಣಮ್ಮ, ತಪ್ಪಾಯ್ತು ಅಂತ ಕೇಳಕ್ ಬಂದವ್ನೆ, ಅಕ್ಕ ಮಾಫಿ ಮಾಡ್ಬುಟ್ಟವ್ಳೆ. ಮಿಶೆಲ್ ಕಣ್ಣೊರೆಸಿಕೊಂಡಳು. “ಎಷ್ಟು ಒಳ್ಳೆ ಸಂಪ್ರದಾಯ ನಿಮ್ಮದು,” ಅಂದಳು. ನಮಗೂ ಹೆಮ್ಮೆಯಾಯಿತು. ನಮ್ಮ ಹಗ್ಗ ನಾವೇ ಹೊಸೆದು ಅವಳ ಕೈಗೆ ಕೊಟ್ಟೆವು.

ಮರುದಿನ ಪತ್ರಿಕೆಗಳಲ್ಲಿ ಬಂತು. ನೆರಳಿಲ್ಲ, ನೀರಿಲ್ಲ, ಆಳು ಸತ್ತ ಅಂತ. ಅದಾಗಿ ಮೂರು ದಿನಕ್ಕೆ ನನ್ನನ್ನೂ ಪೆನಿಟಾಲನನ್ನೂ ಆಫೀಸಿಗೆ ಕರೆಸಿದರು. ಒಳಗೆ ಎಸಿ ಹಾಕಿ, ಮೈ ನಡುಗುವಷ್ಟು ತಂಪು ಮಾಡಿದ್ದರು. ಡಾರಿಲ್ ಬೂಟು ಬಿಚ್ಚಿ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಇಟ್ಟಿದ್ದ.

“ನಮ್ಮನ್ನ ಕೆಂಡದ ಮ್ಯಾಲೆ ಎಳೀತಾವ್ರೆ ಕಣವ್ವ,” ಅಂದ. “ಪೇಪರ್ನೋರು, ಟೀವಿಯೋರು, ಎಲ್ಲಾ ಸೇರ್ಕಂಡು ಕೆಂಡದ ಮ್ಯಾಲೆ ಎಳೀತಾವ್ರೆ. ನನ್ ಹೆಂಡ್ರು ಮೂರು ದಿನದಿಂದ ಉಂಡಿಲ್ಲ.”

ಇಂಗ್ಲಿಷಿನವರಲ್ಲಿ ಹಾಗೊಂದು ಮಾತಿದೆ. ಹತ್ತು ಜನರೆದುರು ಹತ್ತು ಜನ ಬೈದರೆ, ಕೆಂಡದ ಮೇಲೆ ಎಳೆದರು ಅನ್ನುತ್ತಾರೆ. ಮಾತು ಚೆನ್ನಾಗಿಯೇ ಇದೆ. ನಾನು ಅವನ ಪಾದ ನೋಡಿದೆ. ಬಿಳಿ ಕಾಲುಚೀಲಕ್ಕೆ ಒಂದು ಮಣ್ಣಿನ ಕಲೆಯೂ ಇರಲಿಲ್ಲ.

ಮಿಶೆಲ್ ಫೋನು ತೋರಿಸಿದಳು. ಚಾಪೆ ಹೊದ್ದ ಪೆನಿಟಾಲ, ಕೆಳಗೆ ಅಕ್ಷರ: ತಪ್ಪೊಪ್ಪಿಕೊಂಡ ಮೇಸ್ತ್ರಿ.

“ನೋಡಿ, ಇದು ನಿಮ್ಮವರೇ ಒಪ್ಪಿಕೊಂಡಿರೋದು,” ಅಂದಳು. “ಶನಿವಾರ ಟೌನ್ ಹಾಲಲ್ಲಿ ಸಭೆ ಇದೆ, ಸರ್ಕಾರದ ಅಧಿಕಾರಿ ಬರ್ತಾರೆ. ಮೇಸ್ತ್ರಿ ಹುಡುಗನಿಗೆ ವಿರಾಮ ಕೊಡಲಿಲ್ಲ, ಆಮೇಲೆ ಕ್ಷಮೆ ಕೇಳಿದ್ರು, ನಾನು ಕ್ಷಮಿಸಿದೀನಿ, ಇನ್ನೇನೂ ದೂರಿಲ್ಲ ಅಂತ ನೀವು ಹೇಳಿದ್ರೆ ಸಾಕು. ಸೋಮವಾರದ ವಿಮಾನದಲ್ಲಿ ನಿಮ್ಮ ತಮ್ಮನ್ನ ಕಳಿಸಿಕೊಡ್ತೀವಿ. ಪೂರ್ತಿ ನಮ್ಮ ಜವಾಬ್ದಾರಿ.”

“ಹೇಳ್ದೆ ಇದ್ರೆ?”

“ತನಿಖೆ ಮುಗಿಯೋವರೆಗೆ ನಮ್ಮ ಕೈಲಿ ಏನೂ ಇರಲ್ಲ. ತಿಂಗಳುಗಟ್ಟಲೆ ಆಗಬಹುದು. ವರ್ಷಾನೂ ಆಗಬಹುದು.”

ಅವತ್ತೇ ಅವ್ವನ ಫೋನ್ ಬಂತು. ನಮ್ಮಲ್ಲಿ ಸತ್ತವರನ್ನು ಮನೆಯ ಮುಂದೆಯೇ ಮಣ್ಣು ಮಾಡುತ್ತೇವೆ. “ಗುಂಡಿ ತೋಡಿ ಐದು ದಿನ ಆಯ್ತು ಕಣವ್ವ,” ಅಂದಳು. “ಮಳೆ ಬಂದು ನೀರು ನಿಂತದೆ. ದಿನಾ ಚೊಂಬ್ನಾಗೆ ಎತ್ತಿ ಎತ್ತಿ ಚೆಲ್ತೀನಿ. ಯಾವಾಗ ಕರ್ಕಂಬತ್ತೀಯ ನನ್ ಕಂದನ್ನ?”

ಶುಕ್ರವಾರ ಸಂಜೆಯ ಪ್ರಾರ್ಥನೆಯಾದ ಮೇಲೆ ಪೆನಿಟಾಲ ಹತ್ತಿರ ಬಂದು ಕೂತ.

“ಹೇಳ್ಬುಡು ಮಗಾ. ನಾನೇ ಅಂತ ಹೇಳ್ಬುಡು. ಕೈ ಇಳಿಸಿದ್ದು ದಿಟ ತಾನೆ?”

“ನಿನ್ನ ಜೈಲಿಗಾಕ್ತಾರೆ ಮಾಮ.”

“ಹಾಕ್ಲಿ. ಅಲ್ಲಿ ಕಲ್ಲಂಗಡಿ ಇರಕಿಲ್ಲವಲ್ಲ.” ನಗಲು ನೋಡಿದ, ಆಗಲಿಲ್ಲ. “ಊರಿಗೋಗಿ ನಿಮ್ಮವ್ವನ ಮಖ ಹೆಂಗ್ ನೋಡ್ಲಿ ನಾನು? ಹುಡ್ಗ ಮನೆ ಸೇರ್ಲಿ. ಅಷ್ಟಾದ್ರೆ ಸಾಕು.”

ಶನಿವಾರ ಮೂರು ಗಂಟೆಗೆ ಟೌನ್ ಹಾಲಿಗೆ ಆ ಊರವರು ಬಹಳ ಮಂದಿ ಬಂದಿದ್ದರು. ಮುಂದಿನ ಸಾಲಿನಲ್ಲಿ ಡಾರಿಲ್, ಟೈ ಕಟ್ಟಿಕೊಂಡು. ಕ್ಯಾಮೆರಾದವರು ಗೋಡೆಗೆ ಒರಗಿದ್ದರು. ನಮ್ಮವರು ನಲವತ್ತು ಜನ ಹಿಂದೆ ನಿಂತಿದ್ದರು, ಕುರ್ಚಿ ಸಾಲದು ಅಂದಿದ್ದರು. ಅವರ ಮುಂದೆಯೇ ಎಷ್ಟೋ ಕುರ್ಚಿ ಖಾಲಿ ಇದ್ದವು.

ಮಿಶೆಲ್ ನನ್ನ ಕೈಗೆ ಹಾಳೆ ಕೊಟ್ಟಳು. “ಇಷ್ಟು ಓದಿದ್ರೆ ಸಾಕು ಚಿನ್ನಾ.”

ಮೈಕಿನ ಮುಂದೆ ನಿಂತು ಮೊದಲ ಸಾಲು ಓದಿದೆ. ನನ್ನ ತಮ್ಮ ಟಾನು ಒಳ್ಳೆಯ ಕೆಲಸಗಾರ. ಎರಡನೆಯ ಸಾಲಿನಲ್ಲಿ ಪೆನಿಟಾಲನ ಹೆಸರಿತ್ತು. ತಲೆ ಎತ್ತಿದೆ. ಹಿಂದೆ ಅವನು ಹೂಂ ಅನ್ನುವಂತೆ ತಲೆ ಆಡಿಸುತ್ತಿದ್ದ, ಓದು ಮಗಾ, ಓದು.

ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿದೆ.

“ನನ್ ತಮ್ಮ ಚಳಿ ಅಂದ,” ಅಂದೆ. “ನಾನು ನಗಾಡ್ದೆ. ಪೆನಿಟಾಲ ಕೈ ಎತ್ತಿದ. ಸಾಲು ಮುಗೀಲಿ, ಕೈ ಇಳಿಸು ಅಂದೋನು ಡಾರಿಲ್. ನಲವತ್ತು ಜನ ಕೇಳುಸ್ಕಂಡವ್ರೆ. ಅಗೋ, ನಿಂತವ್ರೆ, ಕೇಳಿ.”

ಮಿಶೆಲ್ ಎದ್ದಳು. ಸರ್ಕಾರದ ಅಧಿಕಾರಿ ಪೆನ್ನು ಹಿಡಿದವನು ಬರೆಯಲೋ ಬೇಡವೋ ಎಂಬಂತೆ ಕೂತಿದ್ದ.

“ನಮ್ಮಲ್ಲಿ ಮೊದ್ಲು ಹಿರೀಕ ಬಂದು ಕೂತ್ಕತಾನೆ. ಬಂದ. ಚಾಪೆ ಎತ್ತಿದೆ. ಮಾಡ್ದೋನು ಇನ್ನೂ ಬಂದಿಲ್ಲ. ಅವನು ಬಂದು ಕೂರೋಗಂಟ ನಾನು ಏಳಕಿಲ್ಲ.”

ಇಳಿದು ಹೋಗಿ ಡಾರಿಲ್‌ನ ಕುರ್ಚಿಯ ಎದುರಿಗೆ ನೆಲದ ಮೇಲೆ ಕೂತೆ. ಮಿಶೆಲ್ ಬಗ್ಗಿ ಕಿವಿಯ ಹತ್ತಿರ ಹೇಳಿದಳು, “ಸೋಮವಾರದ ವಿಮಾನ, ಗೊತ್ತಲ್ಲ?”

“ಗೊತ್ತು ಕಣಮ್ಮ.”

“ನಿಮ್ಮ ತಾಯಿಗೆ ಏನು ಹೇಳ್ತೀರಿ?”

ನಾನು ಕಾಲು ಮಡಚಿ ಸರಿಯಾಗಿ ಕೂತೆ. 

ಡಾರಿಲ್ ಪಕ್ಕದವನ ಕಡೆ ತಿರುಗಿ, “ನೋಡುದ್ರಾ, ಎಲ್ಲಾರ ಮುಂದೆ ನನ್ನ ಕೆಂಡದ ಮ್ಯಾಲೆ,” ಅಂದವನು ಮಾತು ಮುಗಿಸದೆ ಎದ್ದ. ಹಿಂಬಾಗಿಲಿನಿಂದ ಹೋದ. ಅವನ ಗಾಡಿ ಹೊರಟ ಸದ್ದು ಕೇಳಿಸಿತು. ಕ್ಯಾಮೆರಾದವರು ಅವನ ಹಿಂದೆ ಓಡಿದರು. ಊರವರೂ ಒಬ್ಬೊಬ್ಬರಾಗಿ ಕುರ್ಚಿ ಬಿಟ್ಟರು. ಹಿಂದಿನಿಂದ ನಮ್ಮವರು ಬಂದು ನನ್ನ ಸುತ್ತ ನೆಲದ ಮೇಲೆ ಕೂತರು. ಪೆನಿಟಾಲ ಕೊನೆಯಲ್ಲಿ ಬಂದ, ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತ.

“ಎಂಥ ಕೆಲ್ಸ ಮಾಡ್ದೆ ಮಗಾ,” ಅಂದ. ಅದು ಬೈಗುಳವೋ ಏನೋ ತಿಳಿಯಲಿಲ್ಲ.

ಹಾಲ್ ನೋಡಿಕೊಳ್ಳುವವನು ಬೀಗದ ಕೈ ಹಿಡಿದು ಬಂದ. ಐದಕ್ಕೆ ಬಾಗಿಲು ಹಾಕಬೇಕು ಅಂದ.  ಇನ್ನೊಂದು ಸಲ ಹೇಳಿದ. ಆಮೇಲೆ ಗೋಡೆಯ ಹತ್ತಿರ ಹೋಗಿ ಎಸಿ ಆರಿಸಿದ, ಫ್ಯಾನೂ ಆರಿಸಿದ. ಪಶ್ಚಿಮದ ಕಿಟಕಿಗಳಿಂದ ಬಿಸಿಲು ಒಳಗೆ ಬೀಳುತ್ತಿತ್ತು. ತಗಡಿನ ಮಾಡು ಚಟಚಟ ಅನ್ನತೊಡಗಿತು. ನನ್ನ ಪಕ್ಕದಲ್ಲಿದ್ದವಳ ಕುತ್ತಿಗೆಯಿಂದ ಬೆವರು ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಯಾರೂ ಏಳಲಿಲ್ಲ.