ಬಾಗಿಲ ಹಿಂದಿನ ಅಳು

ಇಟ್ಟಿಗೆ ಗೂಡಿನ ಕೇರಿಯಲ್ಲಿ ಬೆಳಗಾಗುತ್ತಿದ್ದುದೇ ಮಕ್ಕಳ ಅಳುವಿನಿಂದ. ತಾಯಂದಿರು ಹಳೇ ಸೀರೆಯ ತುಂಡಿನಿಂದ ಕೂಸಿನ ಕಾಲನ್ನು ಮಂಚಕ್ಕೆ ಕಟ್ಟಿ, ಕೈಗೆ ಸಿಗುವಂತೆ ನೀರಿನ ಲೋಟ ಇಟ್ಟು, ಬಾಗಿಲೆಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ತಿರುಗಿ ನೋಡಿದರೆ ಹೆಜ್ಜೆ ಮುಂದಕ್ಕೆ ಹೋಗದೆಂದು ಯಾರೂ ತಿರುಗುತ್ತಿರಲಿಲ್ಲ. ಕೇರಿಯ ಬೆನ್ನಿಗೇ ಮಣ್ಣು ತೆಗೆದ ಗುಂಡಿ, ಅದರ ತುಂಬ ಮಳೆನೀರು. ಕಟ್ಟದೆ ಬಿಡುವ ಧೈರ್ಯ ಯಾರಿಗಿತ್ತು?

ಅಲ್ಲೊಂದು ಮನೆಯ ಇಬ್ಬರು ಸೊಸೆಯರು ಅಕ್ಕಪಕ್ಕದ ಕೋಣೆಗಳಲ್ಲಿದ್ದರು. ಕಿರಿಯ ಸೊಸೆಯ ಮಗಳು ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದಳು. ಒಂದು ಮಧ್ಯಾಹ್ನ ಗಂಟು ಬಿಚ್ಚಿಕೊಂಡಿತು. ಬಾಗಿಲು ಹೇಗೆ ತೆರೆಯಿತೋ ತಿಳಿಯದು. ಮಗು ಸಿಕ್ಕಿದ್ದು ಗುಂಡಿಯಲ್ಲಿ.

"ಗಂಟು ಗಟ್ಟಿಯಾಗಿ ಹಾಕ್ಬೇಕಿತ್ತು," ಎಂದಳು ಹಿರಿಯ ಸೊಸೆ, ಮಣ್ಣು ಮಾಡಿ ಬಂದ ಸಂಜೆಯೇ, ನಾಲ್ಕು ಜನರೆದುರು. "ನಾನೂ ಕಟ್ತೀನಲ್ಲ, ನನ್ನ ಮಗ ಒಂದಿನಾನಾದ್ರೂ ಬಿಚ್ಕೊಂಡಿದಾನಾ?"

ಕಿರಿಯಳು ತಲೆಯೆತ್ತಲಿಲ್ಲ. ಅಂದಿನಿಂದ ಅವಳ ಬಾಯಿಂದ ಮಾತು ಹೊರಡುವುದೇ ಅಪರೂಪವಾಯಿತು. ಕೇರಿಯ ತಾಯಂದಿರು ಗಂಟನ್ನು ಇನ್ನಷ್ಟು ಬಿಗಿ ಮಾಡಿದರು.

ಹಿರಿಯಳೂ ಬಿಗಿ ಮಾಡಿದಳು. ಒಂದು ಸಂಜೆ ಬಿಚ್ಚಿ ನೋಡಿದರೆ ಮಗನ ಪಾದ ಊದಿ ನೀಲಿಗಟ್ಟಿತ್ತು. ಅವನು ಅಳುತ್ತಿರಲಿಲ್ಲ, ಅತ್ತು ಅತ್ತು ಸೋತು ಗೋಡೆಯತ್ತ ಮುಖ ಮಾಡಿ ಮಲಗಿದ್ದ. ಅವಳು ಪಾದವನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತ ಕುಳಿತಳು. ಸಡಿಲ ಬಿಟ್ಟರೆ ಗುಂಡಿ, ಬಿಗಿದರೆ ಇದು. ಪಕ್ಕದ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಅಂದು ಆಡಿದ ಮಾತು ಅವಳಿಗೇ ಚುಚ್ಚಿತು.

ಅದೇ ವಾರ ಸಂಸ್ಥೆಯೊಂದರ ಕಾರ್ಯಕರ್ತೆ ಬಂದು ಗೂಡಿನ ಚಪ್ಪರದಡಿ ಎಲ್ಲರನ್ನೂ ಕೂರಿಸಿದಳು. "ಶಿಶುವಿಹಾರಕ್ಕೆ ಕಟ್ಟಡ ಬೇಕಂತ ಸರ್ಕಾರನ ಕೇಳಿದೀವಿ. ಯಾವಾಗ ಬರುತ್ತೋ ನನಗೂ ಗೊತ್ತಿಲ್ಲ. ಅಲ್ಲೀವರೆಗೂ ನಾವೇನು ಮಾಡ್ಬಹುದು ಹೇಳಿ."

"ನಾವೇನು ಮಾಡೋಕಾಗುತ್ತೆ ತಾಯಿ? ಮಾಡೋರು ನೀವು," ಎಂದನೊಬ್ಬ. ಕೆಲವರು ನಕ್ಕರು.

ಹಿರಿಯ ಸೊಸೆ ಎದ್ದು ನಿಂತಳು. "ದಿನಕ್ಕೊಬ್ಬಳು ಸರದಿ ಮೇಲೆ ಮಕ್ಕಳ ಹತ್ರ ಉಳೀಲಿ. ಅವಳ ಪಾಲಿನ ಇಟ್ಟಿಗೆ ಉಳಿದವರು ಹೊರೋಣ."

"ಈಗ ಹೊರೋದಕ್ಕೇ ಸೊಂಟ ಬಿದ್ಹೋಗಿದೆ," ಎಂದ ಅವಳ ಗಂಡನೇ. ಮೇಸ್ತ್ರಿ ಮಾತ್ರ, "ಸಂಜೆಗೆ ಇಟ್ಟಿಗೆ ಕಮ್ಮಿ ಬೀಳ್ಬಾರ್ದು, ಯಾರು ಹೊತ್ರೂ ನನಗೇನು," ಎಂದು ಎದ್ದು ಹೋದ.

"ನನಗೆ ಮಕ್ಕಳಿಲ್ಲ. ನಾನ್ಯಾಕೆ ಹೊರ್ಲಿ?" ಎಂದಳು ಕೊನೆಯ ಮನೆಯ ವಿಧವೆ.

ಅದು ನ್ಯಾಯದ ಮಾತೇ. ಜನ ಎದ್ದು ಸೀರೆ ಪಂಚೆ ಕೊಡವಿಕೊಳ್ಳತೊಡಗಿದರು. ವಿಧವೆ ಕುಳಿತಲ್ಲೇ ಇದ್ದಳು.

"ಆ ಮಗೂನ ನೀರಿಂದ ಎತ್ತಿದ್ದು ನಾನು," ಎಂದಳು. "ಇಟ್ಟಿಗೆ ಅದಕ್ಕಿಂತ ಭಾರ ಇರಲ್ಲ. ಹೊರ್ತೀನಿ, ಬಿಡಿ."

ಆಮೇಲೆ ಯಾರೂ ವಾದಕ್ಕಿಳಿಯಲಿಲ್ಲ. ಗಂಡಸರು ಮುಳ್ಳು ಕಡಿದು ತಂದು ಗುಂಡಿಯ ಸುತ್ತ ಬೇಲಿ ಹಾಕಿದರು.

ಮೊದಲ ಸರದಿಗೆ ಕಿರಿಯಳನ್ನು ಬಿಟ್ಟು ಬೇರೆಯವರಿರಲಿ ಎಂದು ಹೆಂಗಸರು ಪಿಸುಗುಟ್ಟಿದ್ದರು. ಹಿರಿಯಳಿಗೆ ಅದು ಕೇಳಿಸಿತ್ತು. ಬೆಳಗ್ಗೆ ಅವಳು ಮಗನನ್ನೆತ್ತಿಕೊಂಡು ಪಕ್ಕದ ಬಾಗಿಲಿಗೆ ಹೋದಳು.

"ಇವತ್ತು ನೀನಿರು."

"ನನ್ನ ಕೈಲಿ ಬಿಡ್ತೀಯಾ ಅಕ್ಕ?"

"ತಪ್ಪು ನಿನ್ನದಲ್ಲ ಕಣೇ. ಅವತ್ತು ನಾನು ಹಾಗೆ ಅನ್ಬಾರದಿತ್ತು."

ಕಿರಿಯಳು ಮಗುವಿಗಾಗಿ ಕೈ ಚಾಚಿದಳು. ಅದನ್ನು ಕಂಡು ಉಳಿದವರೂ ಒಬ್ಬೊಬ್ಬರಾಗಿ ಬಂದರು.

ಸಂಜೆ ತಾಯಂದಿರು ಮೈಗೆ ಮೆತ್ತಿದ ಕೆಮ್ಮಣ್ಣಿನಲ್ಲೇ ಬಂದು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಹೋದರು. ಹಿರಿಯಳು ಬಂದದ್ದು ಎಲ್ಲರಿಗಿಂತ ತಡವಾಗಿ. ಅವಳ ಮಗ ಕಿರಿಯಳ ತೊಡೆಯ ಮೇಲೆ ಬಾಯಿ ತೆರೆದು ನಿದ್ರಿಸುತ್ತಿದ್ದ. ಕಿರಿಯಳು ಸದ್ದಿಲ್ಲದೆ ಅಳುತ್ತಿದ್ದಳು, ತೊಡೆ ಮಾತ್ರ ಅಲುಗದಂತೆ.

ಹಿರಿಯಳು ಮಗನನ್ನು ಎತ್ತಿಕೊಳ್ಳಲಿಲ್ಲ, ಅಳಬೇಡವೆನ್ನಲೂ ಇಲ್ಲ. ಅವನು ತಾನಾಗಿ ಏಳಲೆಂದು ಹೊಸ್ತಿಲ ಮೇಲೆ ಕುಳಿತಳು.