ಬೆನ್ನಿಗೆ ಕಿವಿಯಿಟ್ಟು

ಡಾಕ್ಟರ್ ಅನುಸೂಯಾ ಅವರ ಯೌವನ ಕಳೆದದ್ದು ಮೈಸೂರಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ. ಆಫ್ರಿಕದ ಜಾಂಬಿಯಾದಲ್ಲಿರುವ ಚಿಪಾಟಾ ಎಂಬ ಊರಿನಲ್ಲಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಮಕ್ಕಳ ಡಾಕ್ಟರು, ಗಂಡ ಮೋಹನರಾಜ ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಗಳು ರಜನಿ ಹುಟ್ಟಿದ್ದೂ ಅಲ್ಲೇ. ಆಮೇಲೆ ಹ್ಯೂಸ್ಟನ್ನಿಗೆ ಬಂದು ಪ್ರಾಕ್ಟೀಸ್ ಶುರು ಮಾಡಿದ್ದು, ಸ್ಟಾಫರ್ಡಿನ ಹತ್ತಿರ ಮನೆ ಮಾಡಿದ್ದು, ರಿಟೈರ್ ಆದದ್ದು ಎಲ್ಲ ಸಲೀಸಾಗಿಯೇ ನಡೆಯಿತು. ಆದರೆ ಗಂಡ ಹೆಂಡತಿ ಕಾಫಿ ಹಿಡಿದು ಕೂತರೆ ಮಾತು ಹೊರಳುತ್ತಿದ್ದುದು ಚಿಪಾಟಾ ಕಡೆಗೇ.

ಮೋಹನರಾಜ ತೀರಿಕೊಂಡ ಮೇಲೆ ಅನುಸೂಯಾ ಆಸ್ಟಿನ್ ಹತ್ತಿರದ ರೌಂಡ್ ರಾಕಿನ ಮಗಳ ಮನೆಗೆ ಶಿಫ್ಟ್ ಆದರು. ಅಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. "ಆ ಮಾವಿನ ಮರದ ಕೆಳಗೆ..." ಎಂದು ಶುರು ಮಾಡಿದರೆ ಯಾವ ಮರ ಎಂದು ಕೇಳದೆ ತಲೆದೂಗುವವರು ಮಾತ್ರ ಈಗ ಯಾರೂ ಇರಲಿಲ್ಲ.

ಅದಕ್ಕೇ ಇರಬೇಕು, ಒಂದು ಶನಿವಾರ ರಜನಿ ಅಮ್ಮನನ್ನೂ ಮಗಳು ಸಿಯಾಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಆಸ್ಟಿನ್ನಿನ ಪಶ್ಚಿಮದ ಗುಡ್ಡಗಳ ಕಡೆ ಹೊರಟಳು. ಅಲ್ಲೊಂದು ವನ್ಯಜೀವಿ ಶಿಕ್ಷಣ ಕೇಂದ್ರ; ಆಫ್ರಿಕದ ಪ್ರಾಣಿಗಳನ್ನು ಸಾಕಿ, ನೋಡಲು ಬಂದವರಿಗೆ ಅವುಗಳ ಬಗ್ಗೆ ತಿಳಿಸಿ ಹೇಳುತ್ತಾರೆ.

ಬೇಲಿಯಾಚೆ ಜೀಬ್ರಾಗಳು ಕಂಡದ್ದೇ ಅನುಸೂಯಾ ಬಾಯಿಂದ "ಎಂಬೀಜಿ" ಎಂಬ ಮಾತು ತಾನಾಗಿ ಬಂತು.

"ವಾಟ್, ಅಜ್ಜಿ?" ಎಂದಳು ಸಿಯಾ.

"ಜೀಬ್ರಾಗೆ ನಮ್ಮೂರಲ್ಲಿ ಹಾಗನ್ನೋದು ಪುಟ್ಟಿ. ನ್ಯಾಂಜಾ ಭಾಷೇಲಿ. ನಿಮ್ಮಮ್ಮ ಚಿಕ್ಕೋಳಿದ್ದಾಗ ಪಟಪಟ ಅಂತ ಮಾತಾಡ್ತಿದ್ಳು."

ರಜನಿ ನಕ್ಕಳು. "ಈಗ ಒಂದು ಅಕ್ಷರಾನೂ ನೆನಪಿಲ್ಲ."

ರಜನಿಗೆ ಆ ಭಾಷೆ ಕಲಿಸಿದವಳು ಎಸ್ನಾಟ್. ಅನುಸೂಯಾ ಆಸ್ಪತ್ರೆಗೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ಮಗುವನ್ನು ಹೂವಿನ ಚಿತ್ತಾರದ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಅಂಗಳ ಗುಡಿಸುವಳು, ಜೋಳದ ಹಿಟ್ಟು ತೊಳಸುವಳು. ರಜನಿ ಅವಳನ್ನು ಕರೆಯುತ್ತಿದ್ದುದು "ಅಂಬೂಯ" ಎಂದು. ಎಂದರೆ ಅಜ್ಜಿ.

ಊರು ಬಿಟ್ಟ ದಿನ ಎಸ್ನಾಟ್ ಬೇಯಿಸಿದ ಕಡಲೆಕಾಯಿಯ ಗಂಟು ಹಿಡಿದು ಬಸ್ಸಿನ ತನಕ ಬಂದಿದ್ದಳು. ರಜನಿಗೆ ಆಗ ನಾಲ್ಕು ವರ್ಷ. ತಂದೆಯ ಹೆಗಲ ಮೇಲೆ ಗಾಢ ನಿದ್ದೆ. "ಏಳಿಸಬೇಡಿ" ಎಂದು ಎಸ್ನಾಟಳೇ ಹೇಳಿ, ಮಗುವಿನ ಪಾದ ಹಿಡಿದು ನಿಂತಿದ್ದು ಬಸ್ಸು ಹೊರಟಾಗ ಬಿಟ್ಟಳು. ಎಚ್ಚರವಾದ ಮೇಲೆ ಮಗು ರಾಜಧಾನಿ ಲುಸಾಕಾ ಮುಟ್ಟುವವರೆಗೂ ಅಂಬೂಯ ಎಲ್ಲಿ ಎಂದು ಕೇಳಿತು. ಹ್ಯೂಸ್ಟನ್ನಿಗೆ ಬಂದ ಮೇಲೂ ಕೇಳಿತು. ಆಮೇಲೆ ಯಾವಾಗಲೋ ಕೇಳುವುದನ್ನು ನಿಲ್ಲಿಸಿತು. ಎಸ್ನಾಟಳ ಸುದ್ದಿ ಆಸ್ಪತ್ರೆಯ ಹಳೆಯ ಮೇಟ್ರನ್ನಿನಿಂದ ಕೆಲವು ವರ್ಷ ಸಿಗುತ್ತಿತ್ತು. ಮೇಟ್ರನ್ ಹೋದ ಮೇಲೆ ಅದೂ ಇಲ್ಲ.

ಜಿರಾಫೆಗಳ ಹತ್ತಿರ ಕೇಂದ್ರದ ಹುಡುಗಿಯೊಬ್ಬಳು ಎಲ್ಲರಿಗೂ ಸೊಪ್ಪಿನ ಕಡ್ಡಿ ಹಂಚುತ್ತಿದ್ದಳು. ಒಂದು ಜಿರಾಫೆ ಕತ್ತು ಬಗ್ಗಿಸಿ, ಕಪ್ಪು ನಾಲಿಗೆಯಿಂದ ಅನುಸೂಯಾ ಕೈಯಲ್ಲಿದ್ದ ಸೊಪ್ಪನ್ನು ಎಳೆದುಕೊಂಡಿತು. ಇವೆಲ್ಲ ಟೆಕ್ಸಸ್ಸಿನಲ್ಲೇ ಹುಟ್ಟಿದವು, ಆಫ್ರಿಕ ಕಂಡಿಲ್ಲ ಎಂದಳು ಹುಡುಗಿ. ಅವು ಕೂಗುವುದೇ ಇಲ್ಲವೇ ಎಂದು ಸಿಯಾ ಕೇಳಿದಳು.

"ಹಗಲು ಹೊತ್ತು ಕೇಳೋದು ಅಪರೂಪ. ರಾತ್ರಿ ತುಂಬ ಮೆಲ್ಲಗೆ ಗುಂಯ್ ಅನ್ನುತ್ತವಂತೆ. ಕಿವಿಗೆ ಬೀಳೋದೇ ಕಷ್ಟ, ಅಷ್ಟು ತಗ್ಗಿದ ದನಿ."

ಸಿಯಾ ಮುಂದಿನ ಬೇಲಿಗೆ ಓಡಿದಳು. ರಜನಿ ಮಾತ್ರ ಅಲ್ಲೇ ನಿಂತಿದ್ದಳು. ಅವಳ ಕೈಯಲ್ಲಿನ ಕಡ್ಡಿ ಹಾಗೇ ಇತ್ತು.

"ಅಮ್ಮ, ನಾನು ಒಂದು ಕೇಳ್ಲಾ? ಆಕೆ ಹಾಡ್ತಿದ್ರಾ?"

"ಯಾರು?"

"ಎಸ್ನಾಟ್. ಹಾಡು ಅಂತಲ್ಲ. ಬಾಯಿ ಮುಚ್ಕೊಂಡು ಹ್ಞೂಂಗುಟ್ಟೋ ಥರ. ನನ್ನ ಕಿವಿ ಎಲ್ಲೋ ಬೆಚ್ಚಗೆ ಒತ್ಕೊಂಡಿರತ್ತೆ. ದನಿ ಹೊರಗಿಂದ ಬರಲ್ಲ, ಆ ಬೆಚ್ಚಗಿರೋದರ ಒಳಗಿಂದ ಬರತ್ತೆ. ಹೊಗೆ ವಾಸನೆ, ಸೋಪಿನ ವಾಸನೆ. ನಿದ್ದೆ ಬರದೇ ಇದ್ದಾಗೆಲ್ಲ ನಂಗೆ ಇದು ಬರತ್ತಮ್ಮ. ಕನಸು ಅಂದ್ಕೊಂಡಿದ್ದೆ."

ಅನುಸೂಯಾ ಬೇಲಿಯ ಕಂಬ ಹಿಡಿದುಕೊಂಡರು. ಚಿಪಾಟಾದ ನೂರು ಕಥೆಗಳನ್ನು ಅವರು ಮಗಳಿಗೆ ಹೇಳಿದ್ದರು. ಇದನ್ನು ಹೇಳಿರಲಿಲ್ಲ, ಹೇಳಲು ಅವರಿಗೆ ಗೊತ್ತೂ ಇರಲಿಲ್ಲ. ಆ ಬೆನ್ನಿಗೆ ಕಿವಿಯಿಟ್ಟು ಮಲಗಿದ್ದವರು ಅವರಲ್ಲವಲ್ಲ. ತಾವು ವಾರ್ಡಿನಲ್ಲಿ ಬೇರೆಯವರ ಮಕ್ಕಳ ಎದೆಗೆ ಸ್ಟೆತಸ್ಕೋಪ್ ಇಡುತ್ತಿದ್ದ ಹೊತ್ತಿನಲ್ಲಿ ತಮ್ಮ ಮಗು ಇನ್ನೊಬ್ಬಳ ಮೈಯೊಳಗಿನ ದನಿ ಕೇಳುತ್ತಿತ್ತು. ಒಂದು ಕ್ಷಣ ಎಸ್ನಾಟಳ ಮೇಲೆ ಹೊಟ್ಟೆಕಿಚ್ಚಾಯಿತು. ಅದರ ಹಿಂದೆಯೇ, ಗಂಡ ಹೋದ ಮೇಲೆ ತಾನೊಬ್ಬಳೇ ಹೊತ್ತಿದ್ದ ನೆನಪಿನ ಹೊರೆಗೆ ಯಾರೋ ಹೆಗಲು ಕೊಟ್ಟಂತೆಯೂ ಆಯಿತು.

"ಅದು ಕನಸಲ್ಲ ಕಣೇ," ಎಂದರು. "ಅದು ಅವಳೇ."

ಓಕ್ ಮರದ ನೆರಳಿನ ಬೆಂಚಿನಲ್ಲಿ ಕೂತು ಡಬ್ಬಿಯ ಚಿತ್ರಾನ್ನ ತಿಂದರು. ರಜನಿ ತಿಂದದ್ದಕ್ಕಿಂತ ಕೇಳಿದ್ದೇ ಹೆಚ್ಚು. ಆಕೆಗೆ ಮಕ್ಕಳಿದ್ದರೇ, ಮನೆ ಎಲ್ಲಿತ್ತು, ಈಗ ಎಷ್ಟು ವಯಸ್ಸಾಗಿರಬಹುದು.

"ತೊಂಬತ್ತರ ಹತ್ತಿರ. ಇದ್ರೆ."

"ಸ್ಕೂಲ್ ರಜೇಲಿ ಹೋಗೋಣಮ್ಮ. ಮೂರು ಜನಾನೂ."

"ಹುಚ್ಚು. ನನ್ನ ಮಂಡಿ ನೋಡಿದೀಯಾ? ಹೋದ್ಮೇಲೆ ಅವಳು ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಅವ್ರ ಮಕ್ಕಳಿರ್ತಾರೆ. ಮನೆಯಾದ್ರೂ ನೋಡ್ಕೊಂಡು ಬರೋಣ."

ಮೋಹನರಾಜ ಕಡೆಯ ವರ್ಷ ಇದನ್ನೇ ಕೇಳಿದಾಗ, ನಿಮ್ಮ ಆರೋಗ್ಯ ಸುಧಾರಿಸಲಿ ಎಂದು ಮುಂದೂಡಿದ್ದು ಅನುಸೂಯಾ ಅವರೇ. ಮಗಳ ಮುಖವನ್ನೇ ನೋಡುತ್ತ ಕೂತರು. ಆ ಕಣ್ಣುಗಳಲ್ಲಿ ಈಗ ಬರೀ ಅಮ್ಮನನ್ನು ಸಂತೋಷಪಡಿಸುವ ಆಸೆ ಇರಲಿಲ್ಲ. ಅವಳಿಗೂ ಬೇಕಾದದ್ದೇನೋ ಅಲ್ಲಿತ್ತು.

"ಟಿಕೆಟ್ ನೋಡು," ಎಂದರು ಕೊನೆಗೆ.

ವಾಪಸ್ಸು ಬರುವಾಗ ಸಿಯಾ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಳು. ರಜನಿ ಡ್ರೈವ್ ಮಾಡುತ್ತ, ಆಸ್ಪತ್ರೆಯಿಂದ ಎಸ್ನಾಟಳ ಮನೆಗೆ ಹೇಗೆ ಹೋಗಬೇಕು ಎಂದು ಕೇಳಿದಳು. ಅನುಸೂಯಾ ಕಣ್ಣು ಮುಚ್ಚಿ ದಾರಿ ಹೇಳತೊಡಗಿದರು. ಆಸ್ಪತ್ರೆಯ ಹಿಂದಿನ ಗೇಟು, ಅಲ್ಲಿಂದ ಕೆಂಪು ಮಣ್ಣಿನ ರಸ್ತೆ, ಹಿಟ್ಟಿನ ಗಿರಣಿ, ಚರ್ಚು, ಚರ್ಚಿನ ಮುಂದೆ ದಾರಿ ಕವಲಾಗುತ್ತದೆ.

"ಎಡಕ್ಕಾ, ಬಲಕ್ಕಾ?"

ಅನುಸೂಯಾ ಬಹಳ ಹೊತ್ತು ಯೋಚಿಸಿದರು. ಹೊಳೆಯಲಿಲ್ಲ.

"ಅಲ್ಲಿ ನಿಂತ್ರೆ ಗೊತ್ತಾಗತ್ತೆ," ಎಂದರು.